ಅತ್ತೆಯ ಕಹಿ ಎಣ್ಣೆ

ಅತ್ತೆಯ ಎಡಗೆನ್ನೆ ಯಾವಾಗಲೂ ಒಳಗೊಂದು ನೆಲ್ಲಿಕಾಯಿ ಅಡಗಿಸಿಟ್ಟ ಹಾಗೆ ಉಬ್ಬಿರುತ್ತಿತ್ತು. ಇದ್ದದ್ದು ಎಲೆಯಡಿಕೆ. ಬಾಣಲೆಯ ಮುಂದೆ ನಿಂತು ವಡೆ ತಿರುವುವಾಗಲೂ, ಗಿರಾಕಿಯ ಹತ್ತಿರ ಊರ ಸುದ್ದಿ ಮಾತಾಡುವಾಗಲೂ ಆ ಉಂಡೆ ಎಡಗಡೆಯೇ. ಅದು ಬಲಗೆನ್ನೆಗೆ ದಾಟಿತೆಂದರೆ ಎದುರಿಗಿದ್ದವರು ಚಪ್ಪಲಿ ಹುಡುಕಿಕೊಳ್ಳುವುದು ಒಳ್ಳೆಯದು. ಉತ್ತಮಪಾಳಯಂ ಬಸ್ ನಿಲ್ದಾಣದ ಕಂಡಕ್ಟರುಗಳಿಗೆಲ್ಲ ಈ ಗುಟ್ಟು ಗೊತ್ತಿತ್ತು.

ರಕ್ತಸಂಬಂಧದ ಅತ್ತೆಯಲ್ಲ. ಹನುಮಂತನಪಟ್ಟಿಯಿಂದ ಬಂದು ಬಸ್ ನಿಲ್ದಾಣದ ಪಕ್ಕ ಪರೋಟ, ವಡೆಯ ಹೋಟೆಲಿಟ್ಟಿದ್ದ ವಿಧವೆ. ನಮ್ಮ ಹಾಗೆಯೇ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಾನು ತೇನಿಯ ಒಬ್ಬ ಸಾಹುಕಾರರ ಅಂಗಡಿಯಿಂದ ಪಾಮಾಯಿಲ್ ಡಬ್ಬಗಳನ್ನು ಟಿವಿಎಸ್ ಮೊಪೆಡ್ಡಿಗೆ ಕಟ್ಟಿಕೊಂಡು ಕಂಬಂ ರಸ್ತೆಯ ಹೋಟೆಲುಗಳಿಗೆಲ್ಲ ಹಾಕುತ್ತಿದ್ದೆ.

ಅವಳು ನಿಂತುಕೊಂಡು ರೇಟು ಕೇಳಿದವಳೇ ಅಲ್ಲ. ಮೊದಲು ಕೂರಿಸಿ ಎರಡು ಬಿಸಿ ವಡೆ ಮುಂದಿಡುವಳು. "ತಿನ್ನುಡಾ ಮರುಮಗನೇ. ಬಾಯಿ ತುಂಬಿದ್ರೆ ಸುಳ್ಳು ಬರಲ್ಲ." ಅಳಿಯನನ್ನು ತಮಿಳಿನ ಹಾಗೆ ಮರುಮಗ ಎನ್ನುವಳು. ನಾನು ಅಗಿಯುತ್ತಿರುವಾಗಲೇ ತನ್ನ ರೇಟು ಹೇಳಿ ಮುಗಿಸುವಳು. ನುಂಗಿ ಬಾಯಿ ತೆರೆಯುವ ಹೊತ್ತಿಗೆ ಡಬ್ಬ ಒಳಗೆ ಹೋಗಿರುತ್ತಿತ್ತು. ವ್ಯಾಪಾರಕ್ಕೆ ಇಳಿಯುವವರಿಗೆ ನನ್ನದೊಂದು ಮಾತು: ಕೊಳ್ಳುವವರು ತಿಂಡಿ ಕೊಟ್ಟರೆ ಅಲ್ಲಿ ತಿನ್ನಬೇಡಿ, ಕಟ್ಟಿಸಿಕೊಂಡು ಹೋಗಿ.

ಎಣ್ಣೆ ಕಪ್ಪಗಾಗಲು ಶುರುವಾಯಿತೆಂದರೆ ಅವಳು ಮತ್ತೆ ಅದರಲ್ಲಿ ಕರಿಯುತ್ತಿರಲಿಲ್ಲ. ಹಿತ್ತಲ ಬಟ್ಟೆಕಲ್ಲಿನ ಪಕ್ಕದಲ್ಲಿದ್ದ ಡಬ್ಬಕ್ಕೆ ಸುರಿದು ಆರಲು ಬಿಡುವಳು. ಅದನ್ನು ಕೊಳ್ಳಲು ದಿಂಡಿಗಲ್ ಕಡೆಯ ವ್ಯಾಪಾರಿಯೊಬ್ಬ ವ್ಯಾನು ತರುತ್ತಿದ್ದ. ಸೋಪು ಮಾಡುವವರಿಗೆ ಎನ್ನುತ್ತಿದ್ದ. ಒಂದು ದಿನ ಅತ್ತೆ ಹೆಣ್ಣುಮಕ್ಕಳ ಸ್ಕೂಲಿನ ಮುಂದೆ ಹಾದು ಹೋಗುವಾಗ ಬಜ್ಜಿಯ ತಳ್ಳುಗಾಡಿಯ ಕೆಳಗೆ ತನ್ನದೇ ಡಬ್ಬ ಕಂಡಳು, ತಾನೇ ಕೆಂಪು ಬಣ್ಣದಲ್ಲಿ ಗೀಟು ಹಾಕಿದ್ದ ಡಬ್ಬ. ಬಟ್ಟೆಯಲ್ಲಿ ಸೋಸಿ, ಒಂದಿಷ್ಟು ಹೊಸ ಪಾಮಾಯಿಲ್ ಬೆರೆಸಿ, ಅಗ್ಗದ ಎಣ್ಣೆ ಎಂದು ಅವನು ತಳ್ಳುಗಾಡಿಗಳಿಗೆ ಮಾರುತ್ತಿದ್ದ.

ಮುಂದಿನ ಸಲ ವ್ಯಾನು ಬಂದಾಗ ಅತ್ತೆ ಬಾಗಿಲಲ್ಲೇ ನಿಂತಳು. "ನನ್ನ ಬಾಣಲೆ ಬ್ಯಾಡಾ ಅಂತ ತಳ್ಳಿದ್ದನ್ನ ಪಿಳ್ಳೆಗಳ ಹೊಟ್ಟೆಗೆ ಹುಯ್ತೀಯಾ? ಇನ್ನು ಒಂದು ತೊಟ್ಟು ಕೊಡಲ್ಲ, ಹೋಗು."

ಅವನು ನಕ್ಕ. "ನೀವು ಕೊಡದಿದ್ರೂ ನನಗೆ ಬರುತ್ತೆ ಅಕ್ಕಾ."

ಬಂತು ಕೂಡ. ಮಧ್ಯಾಹ್ನದ ಊಟದ ಗದ್ದಲದಲ್ಲಿ ಎಲ್ಲರೂ ಮುಂದುಗಡೆ ಇರುವಾಗ ಹಿಂದಿನ ಓಣಿಯಿಂದ ಯಾರೋ ಬಂದು ಎಣ್ಣೆಯನ್ನು ತಮ್ಮ ಡಬ್ಬಕ್ಕೆ ಬಗ್ಗಿಸಿಕೊಂಡು, ಖಾಲಿ ಡಬ್ಬವನ್ನು ಮರ್ಯಾದೆಯಾಗಿ ಅಲ್ಲೇ ಇಟ್ಟು ಹೋಗುತ್ತಿದ್ದರು. ಒಳಗಿಟ್ಟುಕೊಳ್ಳಬಾರದೇ ಎನ್ನುತ್ತೀರಿ. ಸೌದೆ ಒಲೆಯ ಆ ಇಕ್ಕಟ್ಟಿನಲ್ಲಿ ಕುದಿಯುವ ಎಣ್ಣೆಯ ಡಬ್ಬ ಇಟ್ಟು ಯಾರ ಕಾಲು ಸುಡಬೇಕು? ಮುಚ್ಚಳಕ್ಕೆ ಸರಪಳಿ ಬಿಗಿದಳು. ಸಂದಿಯಲ್ಲಿ ರಬ್ಬರ್ ಕೊಳವೆ ತೂರಿಸಿ ಎಳೆದುಕೊಂಡರು.

ನಾನು ನನ್ನ ಬುದ್ಧಿ ಹೇಳಿದೆ. "ಅತ್ತೆ, ಹೆಂಗೂ ಹೋಗ್ತಾ ಅದೆ. ಒಳ್ಳೆ ರೇಟು ಮಾಡಿಸಿ ಕೊಡ್ತೀನಿ, ಕೊಟ್ಟುಬಿಡು."

"ನೀನು ಎಣ್ಣೆ ಮಾರೋನು. ನಿಂಗೆ ಎಲ್ಲಾ ಡಬ್ಬಾನೂ ಒಂದೇ," ಎಂದಳು. "ಆ ಪಿಳ್ಳೆಗಳಲ್ಲಿ ಒಂದು ವಾಂತಿ ಮಾಡ್ಕೊಂಡು ಬಿದ್ರೆ, ಅದು ಯಾರ ಬಾಣಲೆ ಎಣ್ಣೆ? ನಂದು."

ನಮ್ಮ ಜನರಲ್ಲಿ ದೇವರಿಗೆ ಬಿಟ್ಟ ದನಗಳ ದೊಡ್ಡಿಯೊಂದುಂಟು. ಆ ದನಗಳಿಗೆಂದು ಮೀಸಲಿಟ್ಟ ವಸ್ತುವಿಗೆ ಅರಿಶಿನ ಬಟ್ಟೆ ಕಟ್ಟುತ್ತೇವೆ. ಕಟ್ಟಿದ ಮೇಲೆ ಕೆಳಗೆ ಬಿದ್ದ ಹುಲ್ಲುಕಡ್ಡಿಯನ್ನೂ ನಮ್ಮವರು ಮುಟ್ಟುವುದಿಲ್ಲ. ಅತ್ತೆ ಅದನ್ನೇ ಮಾಡಿದಳು. ದನದ ಗೊರಸಿಗೆ ಹಚ್ಚಲು ಎಂದು ಹರಕೆ ಹೊತ್ತು, ಡಬ್ಬಕ್ಕೆ ಅರಿಶಿನ ಬಟ್ಟೆ ಸುತ್ತಿ, ಸರಪಳಿಯನ್ನು ಬಿಚ್ಚಿ ಎಸೆದಳು. "ಇನ್ನು ಯಾವನು ಮುಟ್ತಾನೆ ನೋಡ್ತೀನಿ." ನಾನೂ ತಲೆಯಾಡಿಸಿದೆ. ಕದಿಯಲು ಬರುವವನು ವ್ಯಾಪಾರಿಯ ಆಳು, ದಿಂಡಿಗಲ್ ಕಡೆಯವನು, ಅವನಿಗೆ ನಮ್ಮ ದೊಡ್ಡಿಯೂ ತಿಳಿಯದು, ಅರಿಶಿನವೂ ತಿಳಿಯದು ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಮಾರನೆಯ ದಿನ ಡಬ್ಬ ಖಾಲಿ. ಅರಿಶಿನ ಬಟ್ಟೆಯಲ್ಲಿ ಕೈ ಒರೆಸಿ ಬಟ್ಟೆಕಲ್ಲಿನ ಮೇಲೆ ಬಿಸಾಡಿದ್ದರು. ಅಕ್ಕಪಕ್ಕದ ಅಂಗಡಿಯವರು ಬಾಯಿಗೆ ಟವೆಲ್ ಅಡ್ಡ ಹಿಡಿದು ನಕ್ಕರು. ಅತ್ತೆ ಆ ಬಟ್ಟೆಯನ್ನು ನೋಡುತ್ತ ನಿಂತಳು. ಎಲೆಯಡಿಕೆ ನಿಧಾನವಾಗಿ ಬಲಗೆನ್ನೆಗೆ ದಾಟಿತು.

"ಮರುಮಗನೇ, ತೇನಿಯಿಂದ ಒಂದು ಡಬ್ಬ ಬೇವಿನೆಣ್ಣೆ ತಕ್ಕೊಂಡು ಬಾ."

ತಂದುಕೊಟ್ಟೆ. ಅಂದಿನಿಂದ ಕರಿದ ಎಣ್ಣೆ ಹಿತ್ತಲಿಗೆ ಹೋದ ಕೂಡಲೇ ಅದಕ್ಕೊಂದು ಸೌಟು ಬೇವಿನೆಣ್ಣೆ ಬಿದ್ದು, ಕೋಲಿನಲ್ಲಿ ಕದಡಿದ ಮೇಲೆಯೇ ಡಬ್ಬಕ್ಕೆ ಮುಚ್ಚಳ. ಗೋಡೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ತಮಿಳಿನಲ್ಲಿ ಬರೆಸಿದಳು: ಬೇವು ಬೆರೆಸಿದೆ, ದನಕ್ಕೆ ಮಾತ್ರ, ಮನುಷ್ಯರಿಗಲ್ಲ. ಅಷ್ಟಕ್ಕೇ ಬಿಡಲಿಲ್ಲ. ಸಂಜೆ ಸೆರಗು ಸಿಕ್ಕಿಸಿಕೊಂಡು ಒಂದೊಂದು ತಳ್ಳುಗಾಡಿಯ ಮುಂದೆಯೂ ಹೋಗಿ ನಿಂತು, "ಅಗ್ಗದ ಎಣ್ಣೆ ಬಂದ್ರೆ ಮೊದ್ಲು ನಾಲಿಗೆ ಮೇಲೆ ಇಟ್ಟು ನೋಡಿ" ಎಂದು ಹೇಳಿ ಬಂದಳು.

ನನಗೆ ತಡೆಯಲಾಗಲಿಲ್ಲ. "ಯಾಕೆ ಊರಿಗೆಲ್ಲ ಸಾರ್ತೀಯಾ ಅತ್ತೆ? ಸುಮ್ಮನಿದ್ದು ತಮಾಷೆ ನೋಡಬಾರ್ದಾ?"

"ಹೇಳದೆ ಹಾಕಿದ್ರೆ ಅವನಿಗೂ ನಂಗೂ ಏನಡಾ ವ್ಯತ್ಯಾಸ?"

ಕದಿಯುವವನು ಗೋಡೆಯ ಬರಹವನ್ನೂ ಇನ್ನೊಂದು ಅರಿಶಿನ ಬಟ್ಟೆ ಎಂದುಕೊಂಡ. ಕರಿದ ಎಣ್ಣೆಗೆ ಮೀನು, ಮಸಾಲೆ ಎಂದು ನೂರು ವಾಸನೆ, ಬೇವಿನದು ಅದರಲ್ಲಿ ಮುಚ್ಚಿಹೋಗಿರಬೇಕು. ಬಗ್ಗಿಸಿಕೊಂಡು ಹೋದ. ವ್ಯಾಪಾರಿ ಅದನ್ನು ಬೇರೆ ಹೋಟೆಲುಗಳ ಎಣ್ಣೆಯ ಜೊತೆ ಒಂದೇ ಪೀಪಾಯಿಗೆ ಸುರಿದ. ತಳ್ಳುಗಾಡಿಯವರು ಅತ್ತೆ ಹೇಳಿದಂತೆ ನಾಲಿಗೆಗಿಟ್ಟು ಉಗಿದು, ಎಲ್ಲರೂ ವಾಪಸು ಕಳಿಸಿದರು.

ಎರಡು ದಿನ ಬಿಟ್ಟು ನಾನು ಡಬ್ಬ ಇಳಿಸಲು ಹೋದಾಗ ಹೋಟೆಲು ತುಂಬಿತ್ತು. ವ್ಯಾಪಾರಿ ನುಗ್ಗಿ ಬಂದ. "ಏನಮ್ಮಾ, ನನ್ನ ಪೀಪಾಯಿ ಪೂರ್ತಿ ಹಾಳು ಮಾಡಿದೀಯಲ್ಲಾ!"

ಅತ್ತೆ ವಡೆ ತಿರುವುತ್ತಲೇ ಇದ್ದಳು. "ನಿನ್ನ ಪೀಪಾಯಿಗೆ ನನ್ನ ಎಣ್ಣೆ ಹೆಂಗೆ ಬಂತು ಸಾಮಿ? ಕಾಲು ಮೊಳೆತು ನಡ್ಕೊಂಡು ಬಂತಾ?"

ಮೂಲೆಯಲ್ಲಿ ಪರೋಟ ಹರಿಯುತ್ತಿದ್ದ ಕಂಡಕ್ಟರ್ ಕೂಗಿದ: "ದಿಂಡಿಗಲ್ ತನಕ ಅಲ್ವಾ ಅಕ್ಕಾ? ಟಿಕೆಟ್ ತಗೊಂಡಿತ್ತಾ ಕೇಳಿ!" ಹೋಟೆಲಿಗೆ ಹೋಟೆಲೇ ನಕ್ಕಿತು.

ವ್ಯಾಪಾರಿಯ ಮುಖ ಕಪ್ಪಿಟ್ಟಿತು. ನನ್ನ ಕಡೆ ತಿರುಗಿದ. "ನಿಮ್ಮ ಸಾಹುಕಾರರ ಜೊತೆ ಈಗಲೇ ಮಾತಾಡ್ತೀನಿ. ಈ ಹೆಂಗಸಿಗೆ ತೇನಿಯಿಂದ ಇನ್ನೊಂದು ಡಬ್ಬ ಬಂದ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ." ಸುಳ್ಳು ಬೆದರಿಕೆಯಲ್ಲ. ಸಾಹುಕಾರರೂ ಅವನೂ ಒಂದೇ ಎಲೆಯಲ್ಲಿ ಉಣ್ಣುವಷ್ಟು ಹತ್ತಿರ. ಇತ್ತ ಹೊಸ ಎಣ್ಣೆ ಬರದಿದ್ದರೆ ಅತ್ತೆಯ ಒಲೆ ಉರಿಯದು.

ಅವಳು ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಬಹುಶಃ ನಾನು ಏನಾದರೂ ಸಮಾಧಾನದ ಮಾತು ಹುಡುಕುತ್ತಿದ್ದೆ. ಮೊಪೆಡ್ಡಿನ ಹಗ್ಗ ಬಿಚ್ಚಿ, ಎರಡೂ ಡಬ್ಬ ಹೊತ್ತು ಅವನ ಪಕ್ಕದಲ್ಲೇ ಹಾದು ಒಳಗೆ ಬಂದೆ.

"ಎಲ್ಲಿ ಇಡಲಿ ಅತ್ತೆ?"

"ದಿನಾ ಇಡೋ ಜಾಗ ಮರ್ತುಹೋಯ್ತಾ?" ಎಂದಳು.

ಆ ವಾರವೇ ಕೆಲಸ ಹೋಯಿತು. ಸುದ್ದಿ ಕೇಳಿ ಅತ್ತೆ ಅಯ್ಯೋ ಪಾಪ ಎನ್ನಲಿಲ್ಲ. ಹೋಟೆಲನ್ನು ಒಂದು ದಿನ ಮುಚ್ಚಿ ನನ್ನ ಜೊತೆ ಬಸ್ಸು ಹತ್ತಿ ದಿಂಡಿಗಲ್ಲಿಗೆ ಬಂದಳು, ಆ ವ್ಯಾಪಾರಿಯ ಊರಿಗೇ. ಅಲ್ಲಿನ ಎಣ್ಣೆ ಮಿಲ್ಲಿನವರ ಮುಂದೆ ಕೂತು, "ಇವನು ನನ್ನ ಮರುಮಗ. ಡಬ್ಬ ಸಾಲಕ್ಕೆ ಕೊಡಿ. ಇವನು ದುಡ್ಡು ಕೊಡದಿದ್ರೆ ನಾನು ಕೊಡ್ತೀನಿ" ಎಂದಳು. ನನ್ನ ಸ್ವಂತ ವ್ಯಾಪಾರ ಹುಟ್ಟಿದ್ದು ಹಾಗೆ. ಮೊದಲ ಗಿರಾಕಿ ಅವಳೇ, ಅದೇ ವಡೆ ತಿನ್ನಿಸಿ ಅದೇ ಹಳೇ ರೇಟಿಗೆ.

ಅವಳ ಹಿತ್ತಲಲ್ಲಿ ಮತ್ತೆ ಕಳ್ಳತನವಾಗಲಿಲ್ಲ. ಎಣ್ಣೆ ಹರಕೆಯಂತೆ ದೊಡ್ಡಿಯ ದನಗಳ ಗೊರಸಿಗೇ ಹೋಯಿತು. ಸ್ವಲ್ಪ ದಿನದಲ್ಲಿ ಆ ರಸ್ತೆಯ ಇನ್ನೆರಡು ಹೋಟೆಲಿನವರು ನನ್ನ ಹತ್ತಿರ ಬೇವಿನೆಣ್ಣೆ ಕೇಳಿದರು. ಉಳಿದವರು ವ್ಯಾನಿಗೆ ಕೊಡುತ್ತಲೇ ಇದ್ದರು. ಅದಕ್ಕೆ ಅತ್ತೆ ತಲೆ ಕೆಡಿಸಿಕೊಳ್ಳಲಿಲ್ಲ. "ಅವರ ಬಾಣಲೆ, ಅವರು ನೋಡ್ಕೊಳ್ಳಲಿ. ನನ್ನದು ನಾನು ನೋಡ್ಕೊಂಡೆ."

ಅವಳು ಹೋಗಿ ಬಹಳ ವರ್ಷವಾಯಿತು. ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಕೊಯ್ಲಿನ ನಡುವೆ ಎರಡೇ ದಿನದ ಜ್ವರಕ್ಕೆ. ದೊಡ್ಡಿಯ ದನ ಕಾಯುವವರೂ ಕಂಡಕ್ಟರುಗಳೂ ಬಂದಿದ್ದರು.

ಈಗ ದಿಂಡಿಗಲ್ಲಿನಲ್ಲಿ ನನ್ನದೊಂದು ಚಕ್ಕುಲಿ, ಮುರುಕಿನ ಕಾರ್ಖಾನೆಯಿದೆ. ಕರಿದ ಎಣ್ಣೆ ಕೊಳ್ಳಲು ಇಂದಿಗೂ ಜನ ಬರುತ್ತಾರೆ. "ಬೇವು ಹಾಕದೆ ಕೊಡಿ ಸಾರ್, ಒಳ್ಳೆ ರೇಟು ಕೊಡ್ತೀನಿ" ಎನ್ನುತ್ತಾರೆ. ತರಕಾರಿಯವಳ ಹತ್ತಿರ ಕರಿಬೇವಿನ ಎಸಳಿಗೂ ಚೌಕಾಸಿ ಮಾಡುವ ಆಸಾಮಿ ನಾನು, ಚೌಕಾಸಿಯಲ್ಲೇ ಬದುಕು ಕಟ್ಟಿದವನು. ಎಷ್ಟು ಕೊಡುತ್ತೀರಿ ಎಂದು ಮಾತ್ರ ಅವರನ್ನು ಇಂದಿನವರೆಗೆ ನಾನು ಕೇಳಿಲ್ಲ.