ರೆಕ್ಕೆಗೆ ಅತ್ತೆ ಹಾಕಿದ ಹೊಲಿಗೆ

ಒಂದೇ ಸೀಟಿನ ಮೋಟರ್ ಗ್ಲೈಡರ್ ಕಟ್ಟುತ್ತೇನೆಂದು ನಮ್ಮ ಯಜಮಾನರು ಹೇಳಿದಾಗ ನಾನು ಕೇಳಿದ್ದು, "ಅಂದ್ರ ನನ್ನ ಇಲ್ಲೇ ಬಿಟ್ಟು ಹೋಗಾವ್ರೇನ್ರಿ?" ಅಂತ.

"ಇನ್ನೊಬ್ರು ಕುಂತ್ರ ಭಾರ ಆಕ್ಕೈತಿ" ಎಂದರು, ನನ್ನನ್ನು ಮೇಲಿಂದ ಕೆಳಗೆ ನೋಡಿ. ಆ ವಾರವೆಲ್ಲ ಅವರ ಡಬ್ಬಿಗೆ ನಾನು ಒಂದೇ ರೊಟ್ಟಿ ಕಟ್ಟಿದೆ.

ಅವರು ವಿಜಯಪುರದ ಕಾಲೇಜಿನಲ್ಲಿ ಮೇಷ್ಟ್ರು. ರಜೆ ಬಂತೆಂದರೆ ಟಿಕೋಟಾಕ್ಕೆ ಓಟ. ಅಲ್ಲಿ ಪರಿಚಯದವರ ಒಣದ್ರಾಕ್ಷಿ ಶೆಡ್ ಹಂಗಾಮು ಮುಗಿದ ಮೇಲೆ ಖಾಲಿ ಇರುತ್ತಿತ್ತು. ಅಷ್ಟುದ್ದದ ರೆಕ್ಕೆ ನಮ್ಮ ಮನೆಯಲ್ಲಿ ಎಲ್ಲಿ ಹಿಡಿಸಬೇಕು? ಎಂಜಿನ್ ಮಾತ್ರ ಸಣ್ಣದು. ಅದು ಬೇಕಾದದ್ದು ಮೇಲೇರುವುದಕ್ಕಷ್ಟೇ. ಆಮೇಲೆ ಅದನ್ನು ಆರಿಸಿ, ಬಿಸಿಲಿಗೆ ಮೇಲೇಳುವ ಗಾಳಿಯಲ್ಲಿ ಹದ್ದಿನ ಹಾಗೆ ಸುತ್ತುವುದು. ಅದಕ್ಕೇ ರೆಕ್ಕೆ ಉದ್ದ, ಮೈ ಹಗುರ. ಅಂಟು ಒಂದು ಹನಿ ಹೆಚ್ಚಾದರೂ ನನ್ನ ಕೈಯಿಂದ ಒರೆಸಿಸುತ್ತಿದ್ದರು, ಪುಣ್ಯಾತ್ಮ!

ರೆಕ್ಕೆಯ ಕಟ್ಟಿಗೆಯ ಪಕ್ಕೆಲುಬುಗಳಿಗೆ ಬಟ್ಟೆ ಎಳೆದು ಹೊಲಿಯುವ ಕೆಲಸ ನಮ್ಮ ಅತ್ತೆಯದು. ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿಯುವುದರಲ್ಲಿ ಅವರು ಎತ್ತಿದ ಕೈ. ಮಾವ ತೀರಿದ ಮೇಲೆ ಅವರಿಗೆ ಉಳಿದವನು ಈ ಒಬ್ಬ ಮಗ. ಹೆದರಿಕೆ ಬೇಕಾದಷ್ಟಿತ್ತು, ಆದರೂ ಹಾರಬೇಡ ಅನ್ನಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ರೆಕ್ಕೆಯ ತುದಿಯಲ್ಲಿ ತೂತು. ಇಲಿ! ಬಿಚ್ಚಿದರೆ ಒಳಗೆ ಕುಂಕುಮ ಹಚ್ಚಿದ ಜೋಳದ ರೊಟ್ಟಿಯ ಚೂರು. ಕೌದಿ ಹಸಿದಿರಬಾರದೆಂದು ನಮ್ಮ ಮನೆಯಲ್ಲಿ ಕೊನೆಯ ಹೊಲಿಗೆಯೊಳಗೆ ರೊಟ್ಟಿ ಇಡುವ ರೂಢಿ. ಅತ್ತೆ ರೆಕ್ಕೆಗೂ ಇಟ್ಟಿದ್ದರು.

"ಯವ್ವಾ, ಇದು ಕೌದಿ ಅಲ್ಲ ಬೇ! ಮ್ಯಾಲ ಹರಿದ್ರ ನಾ ಸತ್ತ ಹೋಗ್ತೇನಿ!" ಎಂದು ಮಗ ಕೂಗಾಡಿದರು.

"ಹಸದ ಅರಿವಿ ಮ್ಯಾಲ ನನ್ನ ಮಗನ್ನ ಹೆಂಗ ಕಳಸಲಿ ಲೇ?" ಅತ್ತೆ ಅತ್ತೇಬಿಟ್ಟರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರ ಮೇಲೂ ಮರುಕವೂ ಬಂತು.

ಅತ್ತೆ ಕಣ್ಣೊರೆಸಿಕೊಂಡು, ಬಿಚ್ಚಿದ್ದನ್ನೆಲ್ಲ ಮೊದಲಿನಿಂದ ಹೊಲಿದರು. ಈ ಸಲ ಒಳಗೆ ಏನೂ ಇಡಲಿಲ್ಲ. ಅದೇ ಚಿಂತೆಯಲ್ಲಿ ಅವರಿಗೆ ಅನ್ನ ಸೇರಲಿಲ್ಲ.

ಅನುಮತಿಗಾಗಿ ಅಲೆದಾಡಿ ಚಪ್ಪಲಿ ಸವೆದ ಮೇಲೆ, ಬಬಲೇಶ್ವರದ ಆಚೆಯ ಬಯಲಿನಿಂದ ಯಜಮಾನರು ಹಾರಿದರು. ಎತ್ತರಕ್ಕೇರಿ ನಿಡೋಣಿಯ ಕಡೆ ಹೊರಳಿದಾಗ ಎಂಜಿನ್ ಸದ್ದು ನಿಂತಿತು. ನೋಡಲು ಬಂದವರು ಅಯ್ಯೋ ಎಂದರು. ನಾನು ಅತ್ತೆಯ ಕೈ ಹಿಡಿದು, "ಹೆದರಬ್ಯಾಡ್ರಿ ಅತ್ತಿ, ಅವ್ರ ಬಂದ್ ಮಾಡ್ಯಾರ" ಎಂದೆ.

"ಗೊತ್ತೈತಿ." ಅತ್ತೆ ಆಕಾಶದಿಂದ ಕಣ್ಣು ಕೀಳಲಿಲ್ಲ. "ಇಷ್ಟೊತ್ತು ಇಂಜಿನ್ ಹಿಡದಿತ್ತ. ಈಗ ಬರೇ ನನ್ನ ಹೊಲಿಗಿ ಹಿಡದೈತಿ."

ಮಗ ಇಳಿದು ಬಂದು ಕಾಲಿಗೆ ಬಿದ್ದರೆ, ಅತ್ತೆ ನೇರ ರೆಕ್ಕೆಯ ಹತ್ತಿರ ಹೋಗಿ ಹೊಲಿಗೆಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಮಗನನ್ನು ಅಪ್ಪಿಕೊಂಡರು.

ಅತ್ತೆ ಈಗಿಲ್ಲ. ರೆಕ್ಕೆಯ ಬಟ್ಟೆ ಹಳೆಯದಾಗಿದೆ, ಬದಲಿಸದೆ ಹಾರುವಂತಿಲ್ಲ. ಹೊಸ ಬಟ್ಟೆ ತಂದಿಟ್ಟು ಎಷ್ಟೋ ಕಾಲವಾಯಿತು. ಆ ಹೊಲಿಗೆಗೆ ಕತ್ತರಿ ಹಾಕಲು ಯಜಮಾನರಿಗೆ ಕೈ ಬರುತ್ತಿಲ್ಲ. ಹಾಕಿ ಅಂತ ನಾನೂ ಹೇಳಿಲ್ಲ.