ಮೇಸ್ತ್ರಿಯ ಮರಳುಗಾಡು, ನಮ್ಮ ಕಾಲುಚೀಲ

"ಎಂತ, ಓತಿಕ್ಯಾತನಿಗೆ ಮನೆ ಕಟ್ಬೇಕಾ ಅಮ್ಮಾ?"

ಬಣಕಲ್‌ನ ಬಡಗಿ ಶೀನಾಚಾರಿ ಪೆನ್ಸಿಲನ್ನು ಕಿವಿಯ ಮೇಲೇ ಬಿಟ್ಟು ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದೇನೆಯೇ ಎಂಬ ಅನುಮಾನ ಅವರಿಗೆ. (ಹಾಸ್ಟೆಲ್ ವಾರ್ಡನ್ ಆಗಿದ್ದವಳು ತಮಾಷೆ ಮಾಡುವುದು ಕಡಿಮೆ. ಮೂಡಿಗೆರೆಗೆಲ್ಲ ಗೊತ್ತು.)

ವಿಷಯ ಇಷ್ಟೇ. ತಂಗಿಯ ಮಗಳು ನಮಿತಾ ಇಲ್ಲಿನ ಬ್ಯಾಂಕೊಂದಕ್ಕೆ ವರ್ಗವಾಗಿ ನನ್ನ ಮನೆಗೇ ಬಂದಳು. ಒಂದು ಕೈಯಲ್ಲಿ ಸೂಟ್‌ಕೇಸ್, ಇನ್ನೊಂದು ಕೈಯಲ್ಲಿ ಮೊಳದುದ್ದದ ವಿದೇಶಿ ಹಲ್ಲಿ. ಬಿಯರ್ಡೆಡ್ ಡ್ರ್ಯಾಗನ್ ಅಂತೆ. ಆಸ್ಟ್ರೇಲಿಯಾದ ಮರಳುಗಾಡಿನ ಜಾತಿ. (ಕಾಗದಪತ್ರ ಇದೆಯೇ ಎಂದು ಮೊದಲು ಕೇಳಿದೆ. ಇದೆ.) ಕಲ್ಲಿನ ಮೇಲೆ ಎದೆಯೆತ್ತಿ ನಿಂತು, ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಕದಿಯುತ್ತಿದ್ದಾರೆ ಎಂದು ನೋಡುವವನಂತೆ ತಲೆ ಆಡಿಸುತ್ತದೆ. ಹಾಗಾಗಿ ಹೆಸರು ಮೇಸ್ತ್ರಿ.

"ಗಾಜಿನ ತೊಟ್ಟಿಯಲ್ಲಿ ಶಾಖ ನಿಲ್ಲಲ್ಲ ದೊಡ್ಡಮ್ಮ. ಮರದ್ದೇ ಬೇಕು," ಎಂದಳು ನಮಿತಾ.

ಶೀನಾಚಾರಿ ಜೇನುಪೆಟ್ಟಿಗೆ ಮಾಡಿದವರು, ಕೋಳಿಗೂಡು ಮಾಡಿದವರು. ಇದು ಹೊಸದು. "ಪ್ಲೈವುಡ್ ಬೇಡ. ನಮ್ಮ ಜಡಿಮಳೆಗೆ ಹಪ್ಪಳ ಆಗ್ತದೆ," ಎಂದು ಸಿಲ್ವರ್ ಓಕ್ ಹಲಗೆ ತಂದರು. ಮುಂದೆ ಜಾರುವ ಗಾಜು. ಒಳಗೆ ಒಂದು ತುದಿಗೆ ಬಿಸಿಲಿನ ಬಲ್ಬು, ಇನ್ನೊಂದು ತುದಿ ತಂಪು. ಮೇಲೆ ಗಾಳಿಯಾಡಲು ತಂತಿಯ ಜಾಲರಿ. ಗಟ್ಟಿ, ನೇರ, ಸರಿಯಾದ ಮೂಲೆಗಳು. ನನಗೆ ಬಹಳ ಹಿಡಿಸಿತು.

ಮೇಸ್ತ್ರಿಗೂ ಹಿಡಿಸಿತು. ಬೇಸಿಗೆಯಿಡೀ ಹುಳು ತಿಂದು ಕೊಬ್ಬಿದ.

ಆಮೇಲೆ ಮಳೆ ಹಿಡಿಯಿತು. ಕೆಲವೇ ದಿನಕ್ಕೆ ಮೇಸ್ತ್ರಿ ಊಟ ಬಿಟ್ಟ. ಕಲ್ಲು ಹತ್ತಲಿಲ್ಲ. ಬಾಯಿ ತೆರೆದು ಉಸಿರೆಳೆಯುತ್ತ ಮೂಲೆಯಲ್ಲಿ ಬಿದ್ದುಕೊಂಡ. ಬಲ್ಬು ಉರಿಯುತ್ತಿದೆ, ಹುಳು ಹೊಸದು, ನೀರು ಸ್ವಚ್ಛ. ಮತ್ತೇನು ರೋಗ? ನಮಿತಾ ಬ್ಯಾಂಕಿನಿಂದ ಗಂಟೆಗೊಮ್ಮೆ ಫೋನ್ ಮಾಡಿ, "ಉಸಿರಾಡ್ತಾ ಇದೆಯಾ ದೊಡ್ಡಮ್ಮ?" ಎನ್ನುವಳು. ಸಂಜೆ ಬಂದವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಅತ್ತೇಬಿಟ್ಟಳು. ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಹಲ್ಲಿಗೆ!

ನಮ್ಮಲ್ಲಿನ ವೈದ್ಯರು ದನ, ನಾಯಿ ನೋಡುವವರು. ಕೊನೆಗೆ ಇಂಥ ಪ್ರಾಣಿಗಳನ್ನೇ ನೋಡುವ ವೈದ್ಯೆಯೊಬ್ಬರು ಫೋನಿನಲ್ಲಿ ಸಿಕ್ಕಿದರು. "ಪೆಟ್ಟಿಗೆಯ ಫೋಟೋ ಕಳಿಸಿ. ಈಗ ಹೇಗಿದೆಯೋ ಹಾಗೇ," ಎಂದರು.

ಕಳಿಸಿದೆವು. ಕೂಡಲೇ ವೈದ್ಯೆಯ ಫೋನ್ ಬಂತು.

"ಇದು ಹಲ್ಲಿಯ ಮನೆಯಾ, ಧೋಬಿ ಅಂಗಡಿಯಾ?"

ನಾವು ಆಗ ತಲೆಯೆತ್ತಿ ನೋಡಿದೆವು. ಜಾಲರಿಯ ಮೇಲೆ ನನ್ನ ಕಾಲುಚೀಲ, ನಮಿತಾಳ ದುಪಟ್ಟಾ, ಉಪ್ಪಿನ ಡಬ್ಬಿ, ಬೆಂಕಿಪೊಟ್ಟಣ. ತುದಿಯಲ್ಲಿ ಪಕ್ಕದ ಮನೆಯ ಲೀಲಕ್ಕನ ಸಂಡಿಗೆ. "ವಾರ್ಡನಕ್ಕ, ನಿಮ್ಮ ಮರಳುಗಾಡಲ್ಲಿ ಒಂಚೂರು ಜಾಗ ಉಂಟಾ?" ಎಂದು ಕೇಳಿಯೇ ಇಟ್ಟು ಹೋಗಿದ್ದಳು. ಜಾಗ ಹಂಚಿದ್ದು ನಾನೇ. ಎಡಕ್ಕೆ ಬಟ್ಟೆ, ಬಲಕ್ಕೆ ತಿಂಡಿ. ಶಿಸ್ತೆಂದರೆ ಶಿಸ್ತು.

ಗಾಳಿಯ ದಾರಿ ಮುಚ್ಚಿತ್ತು. ಬಟ್ಟೆಯ ತೇವವೆಲ್ಲ ಒಳಗಿಳಿದು ಹಬೆಯಾಗಿತ್ತು. ಮರಳುಗಾಡಿನ ಪ್ರಾಣಿಗೆ ನಾವು ಬಚ್ಚಲುಮನೆ ಕಟ್ಟಿಕೊಟ್ಟಿದ್ದೆವು. (ಬೆಂಕಿ ಹತ್ತದೇ ಇದ್ದದ್ದು ನಮ್ಮ ಪುಣ್ಯ.)

ಮೂವರು ಬುದ್ಧಿವಂತ ಹೆಂಗಸರು. ದಿನವೂ ಅದೇ ಪೆಟ್ಟಿಗೆಯ ಮುಂದೆ ಬಗ್ಗಿ ಒಳಗೆ ಇಣುಕಿದವರು. ಮೇಲಿದ್ದದ್ದು ಏಕೆ ಕಾಣಲಿಲ್ಲ?

ನನಗೆ ತೋರುವುದು ಇದು. ನಮ್ಮ ಕಡೆ ಮಳೆಗಾಲದಲ್ಲಿ ಬೆಚ್ಚಗಿರುವ ಯಾವ ಜಾಗವನ್ನೂ ನಾವು ಖಾಲಿ ಬಿಡುವುದಿಲ್ಲ. ಫ್ರಿಜ್ಜಿನ ಹಿಂದೆ ಶೂ, ಟಿವಿಯ ನೆತ್ತಿಯಲ್ಲಿ ಕರವಸ್ತ್ರ. ಹಾಸ್ಟೆಲಿನಲ್ಲಿ ಬಚ್ಚಲ ಹಂಡೆಯ ಸುತ್ತ ಮಕ್ಕಳ ಕಾಲುಚೀಲಕ್ಕೆ ಸರದಿ ಹಾಕಿದವಳು ನಾನು. ಅಭ್ಯಾಸವಾದ ಮೇಲೆ ಕೈ ತಾನೇ ಇಡುತ್ತದೆ. ಕಣ್ಣಿಗೆ ಕೆಲಸವೇ ಇರುವುದಿಲ್ಲ.

ಎಲ್ಲ ತೆಗೆದೆವು. ವೈದ್ಯೆ ಹೇಳಿದ ಔಷಧ ಹನಿ ಹನಿಯಾಗಿ ನಡೆಯಿತು. ಮೊನ್ನೆ ಬೆಳಿಗ್ಗೆ ಮೇಸ್ತ್ರಿ ಕಲ್ಲು ಹತ್ತಿ, ನನ್ನನ್ನು ನೋಡಿ ತಲೆ ಆಡಿಸಿದ. ನಮಿತಾ ಬ್ಯಾಂಕಿಗೆ ತಡವಾಗಿ ಹೋದಳು. ನಾನು ಬೈಯಲಿಲ್ಲ.

ಆದರೆ ಒದ್ದೆ ಬಟ್ಟೆ ಹಾಗೇ ಉಳಿಯಿತಲ್ಲ? ಶೀನಾಚಾರಿಗೆ ಹೇಳಿಕಳಿಸಿದೆ. ಅಂಥದ್ದೇ ಇನ್ನೊಂದು ಪೆಟ್ಟಿಗೆ, ಒಳಗೆ ಕೋಲುಗಳು, ಬಲ್ಬಿಗೆ ಭದ್ರವಾದ ಗೂಡು.

"ಇದ್ರಲ್ಲಿ ಎಂತ ಸಾಕ್ತೀರಿ ಅಮ್ಮಾ?" ಎಂದರು.

"ಕಾಲುಚೀಲ," ಎಂದೆ. ಈ ಸಲವೂ ತಮಾಷೆ ಮಾಡುತ್ತಿರಲಿಲ್ಲ.