ಸೊಂಟಕ್ಕೆ ಹಿತವಾದ ಪಿಸ್ತೂಲು

ಸೊಂಟಕ್ಕೆ ಏನಾದರೊಂದು ಸಿಗಿಸಿಕೊಳ್ಳದೆ ನಾನು ಎಂದೂ ಹೊಸ್ತಿಲು ದಾಟಿದವಳಲ್ಲ. ಮದುವೆಯಾದ ಹೊಸದರಲ್ಲಿ ಎಲೆ ಅಡಿಕೆಯ ಚಂಚಿ, ಅತ್ತೆ ತೀರಿಕೊಂಡ ಮೇಲೆ ಮನೆಯ ಕೀಲಿಕೈ, ಈಗ ಮೆಲ್ಬರ್ನಿನ ರೈಲು ಕಾರ್ಡು. ಸಿಡ್ನಿಗೆ ಮಗಳ ಮನೆಗೆ ಹೋದರೆ ಅಲ್ಲಿಯದು ಬೇರೆ ಕಾರ್ಡು, ಸೊಂಟ ಅದೇ. ಇಳಕಲ್ ಸೀರೆಯನ್ನು ಎಡಗಡೆ ಒಂದು ಸುತ್ತು ಬಿಗಿಯಾಗಿ ಸಿಗಿಸಿದರೆ ಬಗ್ಗಿದಾಗ ಬೀಳುವುದಿಲ್ಲ, ಕುಳಿತಾಗ ಚುಚ್ಚುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬೇರೆ ಯಾವ ವಿಷಯದಲ್ಲಿ ಯಾರು ಬೇಕಾದರೂ ನನಗೆ ಬುದ್ಧಿ ಹೇಳಲಿ, ಕೇಳುತ್ತೇನೆ. ಸೊಂಟದ ವಿಷಯದಲ್ಲಿ ಮಾತ್ರ ಕೇಳುವುದಿಲ್ಲ.

ಹಾಗಿದ್ದೂ ಕಳೆದ ನವರಾತ್ರಿಯಲ್ಲಿ ಕೇಳಬೇಕಾಯಿತು. ಸೊಸೆಯ ಅಣ್ಣ ಶಿವಾನಂದ ಅಮೆರಿಕದ ಹ್ಯೂಸ್ಟನ್ನಿನಿಂದ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದ. ಧಾರವಾಡದಲ್ಲಿ ಹುಟ್ಟಿದ ಹುಡುಗ, ಒಳ್ಳೆಯವನೇ. ಊಟವಾದ ಮೇಲೆ ನನ್ನ ಮಗ ಮಹಾಂತೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫೋನಿನಲ್ಲಿ ಏನೋ ತೋರಿಸುತ್ತಿದ್ದ. ಬಳೆ ಅಂಗಡಿಯಲ್ಲಿ ಹೆಣ್ಣುಮಕ್ಕಳು ನೋಡುವ ಹಾಗೆ ಇಬ್ಬರೂ ಬಗ್ಗಿ ನೋಡುತ್ತಿದ್ದರು. ನಾನೂ ಬಗ್ಗಿದೆ. ಪಿಸ್ತೂಲುಗಳು. ಒಬ್ಬ ಗಡ್ಡದವನು ಒಂದೊಂದನ್ನೇ ಪ್ಯಾಂಟಿನೊಳಗೆ ಸಿಗಿಸಿಕೊಂಡು, ಕುರ್ಚಿಯ ಮೇಲೆ ಕುಳಿತು ಎದ್ದು ತೋರಿಸುತ್ತಿದ್ದ.

"ಪಿಸ್ತೂಲ್ ತಗೋಬೇಕಾದ್ರ ಮೊದ್ಲು ಕಂಫರ್ಟ್ ನೋಡಬೇಕ್ರಿ ಅತ್ತಿಯಾರ" ಎಂದ ಶಿವಾನಂದ. "ದಿನಾ ಹಾಕ್ಕೊಳ್ಳೋದಲ್ರಿ. ಕುಂತಾಗ ಹೊಟ್ಟಿಗೆ ಚುಚ್ಚಬಾರದು. ಅಂಗಿ ಮ್ಯಾಲೆ ಉಬ್ಬು ಕಾಣಬಾರದು. ತೆಳ್ಳಂದು, ಹಗುರಂದು ಬೇಕು."

"ಯಾರನ್ನ ಹೊಡಿಯಾಕಪಾ?"

"ಯಾರನ್ನೂ ಇಲ್ರಿ. ಇರಲಿ ಅಂತ."

"ಯಾರನ್ನೂ ಹೊಡಿಯಂಗಿಲ್ಲ ಅಂದ್ರ ಒಂದು ಬಿಸ್ಕಿಟ್ ಪುಡಾ ಇಟ್ಕೋ. ಅದೂ ತೆಳ್ಳಗ, ಹಗುರ ಇರತದ. ಹಸಿವಾದ್ರ ತಿನ್ನಾಕರೆ ಬರತದ."

ಮಹಾಂತೇಶ ನಕ್ಕ. ಶಿವಾನಂದ ನಗಲಿಲ್ಲ.

ನನಗೆ ಸಿಟ್ಟು ಬಂದದ್ದು ಪಿಸ್ತೂಲಿಗಲ್ಲ, ಹಿತ ಎನ್ನುವ ಮಾತಿಗೆ. ಚಪ್ಪಲಿ ಹಿತವಾಗಿರಬೇಕು, ಕೌದಿ ಹಿತವಾಗಿರಬೇಕು, ಬಾಣಂತಿಯ ಮಂಚ ಹಿತವಾಗಿರಬೇಕು. ಮನುಷ್ಯನ ಮೈಗೆ ತೂತು ಕೊರೆಯುವ ಸಾಮಾನು, ಇಟ್ಟುಕೊಂಡವನ ಹೊಟ್ಟೆಗೆ ಮೆತ್ತಗಿರಬೇಕಂತೆ! ತೂತು ಬೀಳುವವನ ಹೊಟ್ಟೆಯ ಸುದ್ದಿಯನ್ನು ಆ ಗಡ್ಡದವನು ಎತ್ತಲೇ ಇಲ್ಲ. ಅಂಥದ್ದನ್ನು ಇಟ್ಟುಕೊಳ್ಳಲೇಬೇಕೆಂದರೆ ಅದು ಚುಚ್ಚಬೇಕು, ಕುಳಿತಾಗಲೂ ನಿಂತಾಗಲೂ ಚುಚ್ಚುತ್ತಿರಬೇಕು. ನಾನು ಇಟ್ಟುಕೊಂಡಿದ್ದೇನೆ ಎಂಬುದು ಮರೆತುಹೋಗಬಾರದು. ಅವರಿಗೆ ಬೇಕಾದದ್ದು ಆ ಮರೆವೇ.

ಇನ್ನೊಂದನ್ನು ನಾನು ಗಮನಿಸಿದೆ. ಆ ಹುಡುಗ ತನ್ನ ಪಿಸ್ತೂಲನ್ನು ಹ್ಯೂಸ್ಟನ್ನಿನಲ್ಲೇ ಬಿಟ್ಟು ಬಂದಿದ್ದ. ಆದರೂ ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಅವನ ಬಲಗೈ ಬರಿದಾದ ಸೊಂಟಕ್ಕೆ ಹೋಗುತ್ತಿತ್ತು. ಹೋಟೆಲಿಗೆ ಹೋದರೆ ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ. ಮೊಮ್ಮಗಳು ಇಂಚರಾ ಬಲೂನು ಊದಿದರೆ ಎದ್ದು ಹೊರಗೆ ಹೋಗುತ್ತಿದ್ದ. ಪಿಸ್ತೂಲಿಗೆ ಹಿತವಾದ ಜಾಗ ಸಿಕ್ಕಿತ್ತು, ಮನುಷ್ಯನಿಗೆ ಸಿಕ್ಕಿರಲಿಲ್ಲ.

ನನ್ನ ತವರೂರಿನ ಗೌಡರ ಮನೆಯಲ್ಲಿ ಒಂದು ಬಂದೂಕು ಇತ್ತು, ಲೈಸೆನ್ಸ್ ಇದ್ದದ್ದು. ಮನೆ ಕಾಯಲಿ ಎಂದು ತಂದರು. ಆಮೇಲೆ ಬಂದೂಕನ್ನೇ ಯಾರಾದರೂ ಕದ್ದಾರೆಂದು ಅದನ್ನು ಕಾಯಲು ಒಬ್ಬ ಆಳನ್ನು ಇಟ್ಟರು. ಆ ಆಳಿನ ಮೇಲೆ ನಂಬಿಕೆ ಸಾಲದೆ ಗೌಡರು ತಾವೇ ಬಂದೂಕಿನ ಕೋಣೆಯಲ್ಲಿ ಮಲಗತೊಡಗಿದರು. ಗೌಡತಿ ಬದುಕಿರುವತನಕ ಆ ಬಂದೂಕನ್ನು ಸವತಿ ಎಂದೇ ಕರೆದಳು. ಅದು ಒಂದು ಕಾಗೆಯನ್ನೂ ಹೊಡೆದದ್ದು ನಾನು ಕಾಣೆ.

ಮಹಾಂತೇಶನ ಅಂಜಿಕೆ ಸುಳ್ಳು ಎನ್ನುವುದಿಲ್ಲ. ನಮ್ಮ ಬೀದಿಯ ಕೊನೆಯ ಮನೆಗೆ ಕಳ್ಳರು ನುಗ್ಗಿ, ಮಲಗಿದ್ದವರ ತಲೆದಿಂಬಿನ ಹತ್ತಿರವೇ ಹಾದುಹೋಗಿ, ಕಾರಿನ ಕೀಲಿ ಒಯ್ದಿದ್ದರು. ಯಾರಿಗೂ ಏನೂ ಆಗಿರಲಿಲ್ಲ, ಆದರೆ ಬೀದಿಯ ಗಂಡಸರ ನಿದ್ದೆ ಹೋಗಿತ್ತು. ಮಗ ಕ್ಯಾಮೆರಾ ಹಾಕಿಸಿದ, ಬಾಗಿಲಿಗೆ ಇನ್ನೊಂದು ಚಿಲಕ ಹಾಕಿಸಿದ. ಅಷ್ಟಕ್ಕೆ ನಿಲ್ಲಿಸಿದ್ದರೆ ನನ್ನ ತಕರಾರು ಇರಲಿಲ್ಲ. ಈ ದೇಶದಲ್ಲಿ ಆತ್ಮರಕ್ಷಣೆಗೆ ಬೇಕು ಎಂದರೆ ಪಿಸ್ತೂಲು ಕೊಡುವುದಿಲ್ಲ, ಸೊಂಟದಲ್ಲಿಟ್ಟು ತಿರುಗುವುದಂತೂ ದೂರ. ಅದು ಅವನಿಗೂ ಗೊತ್ತಿತ್ತು. ಅದಕ್ಕೇ ಭಾವನ ಮಾತು ಕೇಳಿ ಆಟಿಕೆಯದನ್ನು ತರಿಸಿದ.

ಆಟಿಕೆ ಎಂದರೆ ಜಾತ್ರೆಯಲ್ಲಿ ಸಿಗುವ, ಟಪ್ ಎಂದು ಸಿಡಿಯುವ ಟಿಕಳಿ ಪಿಸ್ತೂಲಲ್ಲ. ಮೆತ್ತನೆಯ ಗೋಲಿ ಹಾರಿಸುವ, ನೋಡಿದರೆ ನಿಜದ್ದೇ ಅನ್ನಿಸುವ ಕರಿಯ ಸಾಮಾನು. ಕ್ವೀನ್ಸ್‌ಲ್ಯಾಂಡಿನ ಅಂಗಡಿಗಳಲ್ಲಿ ಸಿಗುತ್ತದಂತೆ. ರಜೆಗೆ ಅಲ್ಲಿಗೆ ಹೋಗಿದ್ದ ಗೆಳೆಯನೊಬ್ಬ ಕಾರಿನಲ್ಲಿ ಹಾಕಿಕೊಂಡು ಬಂದ. ಗಡಿ ದಾಟಿ ಇಲ್ಲಿಗೆ ಬಂದರೆ ಅದು ಆಟಿಕೆಯಲ್ಲ, ಪರ್ಮಿಟ್ ಇಲ್ಲದೆ ಇಟ್ಟುಕೊಳ್ಳಬಾರದ ಆಯುಧ ಎಂದು ಇವರು ಯಾರೂ ವಿಚಾರಿಸಲಿಲ್ಲ. ನನ್ನ ಮಗ, ಶಿವಾನಂದ ಇಬ್ಬರೂ ಎಂಜಿನಿಯರುಗಳು. ಸರದಿಯ ಮೇಲೆ ಸೊಂಟಕ್ಕೆ ಸಿಗಿಸಿಕೊಂಡು ಸೋಫಾದ ಮೇಲೆ ಕುಳಿತು ಎದ್ದು ನೋಡಿದರು, ಮದುಮಗನ ಷರಾಯಿ ಅಳತೆ ನೋಡಿದ ಹಾಗೆ.

ಮರುದಿನ ಖಂಡೇ ಪೂಜೆ. ಬೆಂಗಳೂರಿನವರು ಆಯುಧ ಪೂಜೆ ಎನ್ನುತ್ತಾರೆ. ನಾನು ಈಳಿಗೆ, ಕತ್ತರಿ, ಮಗನ ಲ್ಯಾಪ್‌ಟಾಪು, ಸೊಸೆಯ ಹೊಲಿಗೆ ಮಷೀನು ಎಲ್ಲವನ್ನೂ ಒರೆಸಿ, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದೆ. ಮಗ ಆ ಕರಿಯ ಸಾಮಾನನ್ನು ತಂದು ನಡುವೆ ಇಟ್ಟ.

"ತಗೀ ಅದನ್ನ" ಎಂದೆ.

"ಯವ್ವಾ, ಖಂಡೆ ಅಂದ್ರ ಕತ್ತಿ. ಆಯುಧ ಇಡೂದ ಹಬ್ಬ" ಎಂದ.

"ವರ್ಷಾನಗಟ್ಲೆ ದುಡಿದ ಸಾಮಾನಿಗೆ ಒಂದಿನ ಕೈ ಮುಗಿಯೂ ಹಬ್ಬ ಅದು. ಈಳಿಗಿ ನಿನಗ ದಿನಾ ಊಟ ಹಾಕೇದ. ಇದು ಏನು ದುಡಿದೇತಿ?"

"ಇರಲಿ ಬಿಡ್ರಿ ಅತ್ತಿಯಾರ, ಶೋಭಾ ಕಾಣತದ" ಎಂದ ಶಿವಾನಂದ.

ನಾನು ಅದಕ್ಕೆ ಕುಂಕುಮ ಹಚ್ಚಲಿಲ್ಲ. ಮಗನೇ ಹಚ್ಚಿದ. ಮೇಲೊಂದು ಚೆಂಡು ಹೂವು ಇಟ್ಟು, ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದ. ದೇವರಿಗೆ ತೋರಿಸುವುದಕ್ಕೆ ಮೊದಲು ಊರಿಗೆ ತೋರಿಸುವ ರೂಢಿಯಾಗಿದೆಯಲ್ಲ.

ಕಾಯಿ ಒಡೆಯುವುದರೊಳಗೆ ಸಿಡ್ನಿಯಿಂದ ಫೋನು ಬಂತು. ಮಗಳು ಶಶಿಕಲಾ ಇರುವುದು ಅಲ್ಲಿಯ ದಿ ಪಾಂಡ್ಸ್ ಬಡಾವಣೆಯಲ್ಲಿ, ಕೆಲಸ ಹತ್ತಿರದ ನಾರ್ವೆಸ್ಟಿನ ಆಫೀಸಿನಲ್ಲಿ. ಅವಳ ಧ್ವನಿ ಸ್ಪೀಕರ್ ಹಾಕದೆಯೇ ಎಲ್ಲರಿಗೂ ಕೇಳಿಸಿತು.

"ಅಣ್ಣಾ, ಫೋಟೋ ಡಿಲೀಟ್ ಮಾಡು. ಈಗಿಂದೀಗ. ಸಿಟಿಜನ್‌ಶಿಪ್ ಅಪ್ಲಿಕೇಷನ್ ಕೊಟ್ಟು ಕುಂತಿ, ತಲಿ ಐತಿಲ್ಲೋ ನಿನಗ? ಅಂಥದ್ದು ಇಟ್ಕೊಂಡ್ರ ಕೇಸ್ ಆಗತದ. ಇಲ್ಲಿ ಸಿಡ್ನ್ಯಾಗೂ ಅದ ರೂಲು."

ಮಹಾಂತೇಶ ಮೊದಲು ಫೋಟೋ ಅಳಿಸಿದ. ಇಷ್ಟು ವರ್ಷ ಬಾಡಿಗೆ ಮನೆ, ರಾತ್ರಿಪಾಳಿ, ಕಾಯಂ ಆಗಿ ನೆಲೆಸಲು ಪಿಆರ್ ಎಂದು ಒದ್ದಾಡಿ ಈಗ ಕೊನೆಯ ಮೆಟ್ಟಿಲಿಗೆ ಬಂದಿದ್ದ. ಅದು ತಪ್ಪಿದರೆ ಹೆಂಡತಿ ಮಗಳನ್ನು ಕಟ್ಟಿಕೊಂಡು ಮತ್ತೆ ಎಲ್ಲಿಂದ ಶುರು ಮಾಡಬೇಕು?

"ಕಸದ ಡಬ್ಬಿಗೆ ಹಾಕಿದ್ರಾತು" ಎಂದ ಶಿವಾನಂದ.

"ಕಸದಾಗ ಇನ್ಯಾವುದೋ ಹುಡುಗಗ ಸಿಕ್ಕು, ಅದನ್ನ ಹಿಡ್ಕೊಂಡು ಅವ ರಸ್ತೇಕ ನಿಂತ್ರ? ಪೊಲೀಸರು ಆಟಿಕಿ ಅಂತ ಬಿಡ್ತಾರೇನು?" ಎಂದೆ ನಾನು. "ಮಾಂತ್ಯಾ, ಪೊಲೀಸರಿಗೆ ಫೋನ್ ಹಚ್ಚು. ಇದನ್ನ ಹಿಡ್ಕೊಂಡು ಸ್ಟೇಶನ್ನಿಗೆ ಮಾತ್ರ ಹೋಗಬ್ಯಾಡ. ಮದ್ಲು ಹೇಳು, ಅವರು ಹೇಳಿದಂಗ ಮಾಡು."

ಅವನು ಫೋನು ಮಾಡಿದ. ಮುಟ್ಟದೆ ಹಾಗೇ ಇಡಿ, ನಾವೇ ಬರುತ್ತೇವೆ ಎಂದರು. ಸಂಜೆ ಒಬ್ಬ ಹುಡುಗ, ಒಬ್ಬ ಹುಡುಗಿ ಬಂದರು. ಹುಡುಗ ಮಗನನ್ನು ಒಳಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಕೇಳಿ ಬರೆದುಕೊಂಡ. ಹುಡುಗಿ ಸಾಮಾನನ್ನು ಚೀಲಕ್ಕೆ ಹಾಕಿದಳು. ಅದರ ಕುಂಕುಮ ಅವಳ ಕೈಗವಸಿಗೆ ಹತ್ತಿತು. ಕುಳಿತುಕೋ ಎಂದು ಸನ್ನೆ ಮಾಡಿದೆ. ಅವಳ ಸೊಂಟದ ಸುತ್ತ ಪಿಸ್ತೂಲು, ಬೇಡಿ, ಇನ್ನೇನೇನೋ ನೇತಾಡುತ್ತಿದ್ದವು. ಪಾಪ, ದಿನ ತುಂಬಿದ ಬಸುರಿಯ ಹಾಗೆ ಸೋಫಾದ ಅಂಚಿನಲ್ಲಿ ವಾರೆಯಾಗಿ ಕುಳಿತಳು.

"ಅದು ಕಂಫರ್ಟ್ ಐತೇನು ಕೇಳವಾ ಅಕಿನ್ನ" ಎಂದೆ ಇಂಚರಾಗೆ.

"ಅಜ್ಜಿ, ದಟ್ಸ್ ಸೋ ರೂಡ್."

"ಕೇಳು."

ಕೇಳಿದಳು. ಆ ಹುಡುಗಿ ಜೋರಾಗಿ ನಕ್ಕು, ಸೊಂಟ ಒತ್ತಿಕೊಂಡು ಏನೋ ಅಂದಳು.

"ಒಂದು ಮಿನಿಟ್ ಕೂಡ ಇಲ್ವಂತೆ. ಮನೆಗೆ ಹೋಗೋ ಮುಂಚೆ ತೆಗೆದಿಟ್ಟಾಗಲೇ ಬೆಸ್ಟ್ ಅಂತೆ" ಎಂದಳು ಇಂಚರಾ.

ಶಿವಾನಂದ ಅಡುಗೆಮನೆಯಲ್ಲಿ ನೀರು ಕುಡಿಯುತ್ತಲೇ ಇದ್ದ. ಕೇಳಿಸಿರಬೇಕು. ಕೇಳಿಸಲಿ ಎಂದೇ ಕೇಳಿಸಿದ್ದು.

ತಾನಾಗಿಯೇ ಫೋನು ಮಾಡಿ ಒಪ್ಪಿಸಿದ್ದಾನೆಂದು ಪೊಲೀಸರು ಮಗನಿಗೆ ಬುದ್ಧಿಮಾತು ಹೇಳಿ ಬಿಟ್ಟರು. ಆದರೂ ಮುಂದೆ ಬಹಳ ದಿನ ಮಗನಿಗೆ ಊಟ ರುಚಿಸಲಿಲ್ಲ. ಫೋನು ಟಿಣ್ ಎಂದರೆ ಬೆಚ್ಚುತ್ತಿದ್ದ. ಕಳ್ಳರ ಅಂಜಿಕೆಗೆ ತಂದ ಸಾಮಾನು ಕಳ್ಳರಿಗಿಂತ ಹೆಚ್ಚು ಅಂಜಿಸಿತು. ಸಿಟಿಜನ್‌ಶಿಪ್ ಬರುತ್ತದೆ ಎಂದು ನಾನೂ ಸಮಾಧಾನ ಹೇಳಲಿಲ್ಲ. ಬರುತ್ತದೋ ಇಲ್ಲವೋ ನನಗೇನು ಗೊತ್ತು?

ಬಂತು. ಕೌನ್ಸಿಲ್ಲಿನ ಹಾಲಿನಲ್ಲಿ ಪ್ರಮಾಣ ಮಾಡಿಸಿ, ಒಂದು ಸರ್ಟಿಫಿಕೇಟು, ಒಂದು ಸಣ್ಣ ಕುಂಡದಲ್ಲಿ ಈ ನೆಲದ ಗಿಡ ಕೊಟ್ಟರು. ಸರ್ಟಿಫಿಕೇಟನ್ನು ಒಂದು ಕೈಯಲ್ಲಿ, ಕುಂಡವನ್ನು ಇನ್ನೊಂದು ಕೈಯಲ್ಲಿ ಹಿಡಿದು, ಮಣ್ಣು ಚೆಲ್ಲದ ಹಾಗೆ ಮಹಾಂತೇಶ ಮೆಲ್ಲಗೆ ನಡೆದು ಬಂದ. ನಾನು ಆಗಲೇ ಕಾರಿನೊಳಗೆ ಬೆಲ್ಟು ಬಿಗಿದು ಕುಳಿತಿದ್ದೆ, ಅವನಿಗೆ ತನ್ನ ಬಾಗಿಲು ತೆಗೆಯಲು ಕೈ ಇಲ್ಲ. ಮೈತುಂಬ ಹಚ್ಚೆ ಹಾಕಿಸಿಕೊಂಡಿದ್ದ ದೊಡ್ಡ ಆಳೊಬ್ಬ ಆ ಕಡೆಯಿಂದ ದಾಪುಗಾಲು ಹಾಕುತ್ತಾ ಬಂದ. ಬೇರೆ ಹೊತ್ತಿನಲ್ಲಿ ಕಂಡಿದ್ದರೆ ನನ್ನ ಮಗ ರಸ್ತೆ ದಾಟಿಬಿಡುತ್ತಿದ್ದ. ಆ ಮನುಷ್ಯ ಬಾಗಿಲು ತೆಗೆದು ಹಿಡಿದ, ಕುಂಡ ಇಸಿದುಕೊಂಡು ನನ್ನ ತೊಡೆಯ ಮೇಲೆ ಇಟ್ಟ, ಮಗನ ಬೆನ್ನು ತಟ್ಟಿದ. ಎರಡೂ ಕೈ ತುಂಬಿದವನಿಗೆ ಯಾರಾದರೊಬ್ಬರು ಬಾಗಿಲು ತೆಗೆಯುತ್ತಾರೆ. ಒಂದು ಕೈಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದವನಿಗೆ ಯಾರು ತೆಗೆದಾರು?

ಮಗ ಕಾರು ಹತ್ತಿದವನೇ ರೂಢಿಯಂತೆ ಒಳಗಿನಿಂದ ಲಾಕ್ ಒತ್ತಿದ. ಆ ಮನುಷ್ಯ ಹೊರಗೆ ಇನ್ನೂ ಕೈ ಬೀಸುತ್ತಿದ್ದ.

"ಗ್ಲಾಸ್ ಇಳಸಲೇ" ಎಂದೆ. "ಕೈ ಬೀಸು ಅವಗ."